ಪೆನ್ನಿನ ತುದಿಯ ಹಲ್ಲುಗುರುತು

ನಮ್ಮ ಅತ್ತಿಗೆ ಯಾರನ್ನೇ ನೋಡಲಿ, ಮೊದಲು ನೋಡುವುದು ಬಾಯಿಯನ್ನು. ಮುಖ ಆಮೇಲೆ. ಅಣ್ಣ ಅವರನ್ನು ಮೊದಲ ಸಲ ಮನೆಗೆ ಕರೆತಂದ ದಿನ ಅವನ ತಂಗಿ ನಾನು ಬಾಗಿಲು ತೆಗೆದು, ನನ್ನಲ್ಲಿ ಇದ್ದಬದ್ದ ಸೌಜನ್ಯವನ್ನೆಲ್ಲ ಒಟ್ಟುಗೂಡಿಸಿ ನಕ್ಕೆ. ಅವರು ತಿರುಗಿ ನಗಲಿಲ್ಲ. ಕತ್ತು ಸ್ವಲ್ಪ ಓರೆ ಮಾಡಿ ನನ್ನ ಎಡಗಡೆಯ ಕೋರೆಹಲ್ಲನ್ನೇ ನೋಡುತ್ತ ನಿಂತರು. ಆ ಹಲ್ಲು ಸಾಲು ಬಿಟ್ಟು ಹೊರಗೆ ಬಂದು, ಪಕ್ಕದ ಹಲ್ಲಿನ ಮೇಲೆ ಕಾಲು ಹಾಕಿ ಕೂತಿದೆ.

"ಇದನ್ನ ಸರಿ ಮಾಡಿಸಬಹುದು," ಅಂದರು. ನೋಡಿ, ನನ್ನ ಜೊತೆ ಆಡಿದ ಮೊಟ್ಟಮೊದಲ ಮಾತು ಅದು!

"ಮೊದಲು ನಮ್ಮಣ್ಣನ್ನ ಸರಿ ಮಾಡ್ಕೊಳ್ಳಿ. ನನ್ನ ಹಲ್ಲು ಆಮೇಲೆ ನೋಡೋಣ," ಅಂದೆ ನಾನು.

ಅಣ್ಣ ಅವರ ಹಿಂದೆ ನಿಂತು ಹಣೆ ಹಣೆ ಚಚ್ಚಿಕೊಂಡ. ಅತ್ತಿಗೆ ಮಾತ್ರ ಆಗ ನಕ್ಕರು. ಅವರ ಹಲ್ಲು, ಹೇಳಬೇಕಾದದ್ದೇ, ಅಷ್ಟೂ ಒಂದೇ ಅಳತೆಯವು.

ಆ ಕೋರೆಹಲ್ಲು ನನಗೆ ಅಪ್ಪನಿಂದ ಬಂದದ್ದು. ಅಣ್ಣನಿಗೆ ಅಮ್ಮನ ನೇರ ಸಾಲು ಹೋಯಿತು, ನನಗೆ ಅಪ್ಪನ ಸೊಟ್ಟ ಸಾಲು ಬಂತು. ಅಣ್ಣನಿಗೆ ಅಮ್ಮನ ತಾಳ್ಮೆಯೂ ಹೋಯಿತು, ನನಗೆ ಅಪ್ಪನ ಮೂಗಿನ ತುದಿಯ ಸಿಟ್ಟೂ ಬಂತು. ಹಂಚಿಕೆ ಮಾಡಿದವರು ಯಾರೋ ಗೊತ್ತಿಲ್ಲ, ಸಿಕ್ಕರೆ ಒಂದು ಕೈ ನೋಡಿಕೊಳ್ಳುತ್ತೇನೆ.

ಅತ್ತಿಗೆಯ ಕೆಲಸ ಕಟ್ಟುಹಲ್ಲು ಮಾಡುವುದು. ಎರಡು ಬೀದಿ ಆಚೆ, ಚಪ್ಪಲಿ ಅಂಗಡಿಯ ಮೇಲಿನ ಮಹಡಿಯಲ್ಲಿ ಅವರ ಕಾರ್ಯಾಗಾರ. ಹಲ್ಲಿನ ಡಾಕ್ಟರುಗಳು ರೋಗಿಗಳ ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ. ಇವರು ಅದಕ್ಕೆ ಸುಣ್ಣದಂಥ ಬಿಳಿ ಪುಡಿ ಕಲಸಿ ಹೊಯ್ದು, ಮೇಣದಲ್ಲಿ ಒಸಡು ಕೂರಿಸಿ, ಒಂದೊಂದೇ ಹಲ್ಲು ಜೋಡಿಸುತ್ತಾರೆ. ಬೀದಿಯಲ್ಲಿ ಯಾರಾದರೂ ಮುದುಕರು ನಕ್ಕರೆ ಮೊಣಕೈಯಿಂದ ನನ್ನನ್ನು ತಿವಿದು, "ನಮ್ಮದೇ," ಅನ್ನುತ್ತಾರೆ. ಅದೊಂದೇ ಅವರ ಜಂಬ.

ಪೆನ್ನಿನ ಹುಚ್ಚು ಹತ್ತಿಸಿದ್ದು ಅಲ್ಲಿನ ಹಳೇ ಮೇಸ್ತ್ರಿ. ಅವರ ಹತ್ತಿರ ಬಹಳ ಹಿಂದಿನ ಕಾಲದ ಒಂದು ಕಟ್ಟುಹಲ್ಲಿನ ಸೆಟ್ಟಿತ್ತಂತೆ. ಅದರ ಒಸಡು ಕಂದುಗೆಂಪು ಬಣ್ಣದ ಗಟ್ಟಿ ರಬ್ಬರಿನದು. ಅದನ್ನು ತೋರಿಸಿ, ತಮ್ಮ ಜೇಬಿನ ಹಳೇ ಇಂಕ್ ಪೆನ್ನನ್ನು ಪಕ್ಕದಲ್ಲಿಟ್ಟು, "ಎರಡೂ ಒಂದೇ ಸಾಮಾನು ಕಣಮ್ಮಾ. ಆಗ ಹಲ್ಲಿನ ಒಸಡಿಗೂ ಇದೇ, ಪೆನ್ನಿಗೂ ಇದೇ," ಅಂದರಂತೆ. ಅತ್ತಿಗೆ ಪೆನ್ನನ್ನು ಕೈಗೆ ತೆಗೆದುಕೊಂಡವರು ಕೆಳಗಿಡಲಿಲ್ಲ. ಮೇಸ್ತ್ರಿ ಕೆಲಸ ಬಿಟ್ಟು ಹೋಗುವಾಗ ಅದನ್ನು ಇವರಿಗೇ ಕೊಟ್ಟು ಹೋದರು.

ಅಲ್ಲಿಂದ ಶುರುವಾಯಿತು. ರಜೆಯ ದಿನ ಬೆಳಗಾದರೆ ಹಳೇ ಸಾಮಾನಿನ ಸಂತೆ. ಬೇರೆ ಹೆಂಗಸರು ಮನೆಗೆ ತರಕಾರಿ ತಂದರೆ ಇವರು ತರುವುದು ಮುರುಕು ಪೆನ್ನು. ಕ್ಯಾಪು ಸೀಳಿದ್ದು, ನಿಬ್ಬು ಕಾಣೆಯಾದದ್ದು, ಶಾಯಿ ಒಳಗೇ ಕಲ್ಲಾದದ್ದು. ಸಂತೆಯ ಗುಜರಿಯವನು ಇವರನ್ನು ದೂರದಿಂದ ಕಂಡರೇ ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದ. "ಬಂದ್ರು ಪೆನ್ನಿನ ಡಾಕ್ಟ್ರು," ಅಂತ ಕೂಗುತ್ತಿದ್ದ. ಅತ್ತಿಗೆ ಆ ಡಬ್ಬಿಯ ಮುಂದೆ ಕುಕ್ಕರುಗಾಲಲ್ಲಿ ಕೂತರೆ, ಜೊತೆಗೆ ಹೋದ ನನ್ನ ಕಾಲು ಜೋಮು ಹಿಡಿದರೂ ಏಳುತ್ತಿರಲಿಲ್ಲ.

ನಮ್ಮ ಮನೆಯ ಮುಂದಿನ ಕೋಣೆ ನನ್ನದು. ಅಲ್ಲಿ ನನ್ನ ಹೊಲಿಗೆ ಮೆಷಿನ್ನು, ಕತ್ತರಿಸುವ ಹಲಗೆ, ಅರ್ಧ ಹೊಲಿದ ಕೋಟುಗಳು. ಹಿಂದಿನ ಕಿಟಕಿಯ ಪಕ್ಕದ ಮೇಜು ಅತ್ತಿಗೆಯದು. ಅದರ ಮೇಲೆ ಸ್ಪಿರಿಟ್ ದೀಪ, ಹಲ್ಲು ಉಜ್ಜುವ ಸಣ್ಣ ಸಣ್ಣ ಅರಗಳು, ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ, ಸಾಲಾಗಿ ಶಾಯಿ ಬಾಟಲಿ. ನಡುವೆ ಅಡುಗೆಮನೆ. ಕರೆಂಟ್ ಮೀಟರ್ ಓದುವ ಕೆಲಸದ ನಮ್ಮಣ್ಣ ಊರೆಲ್ಲ ಸುತ್ತಿ ಮನೆಗೆ ಬಂದರೆ ಅವನಿಗೆ ಉಳಿದ ಜಾಗ ಅಡುಗೆಮನೆಯ ಸ್ಟೂಲು. ಪಾಪ, ಅಲ್ಲೇ ಕೂತು ಎರಡೂ ಕಡೆಯ ಮಾತು ಕೇಳುತ್ತಿದ್ದ.

ಅತ್ತಿಗೆಯ ಕೈಕೆಲಸ ನೋಡಬೇಕು. ಪೆನ್ನಿನ ಎರಡು ಭಾಗ ಹಳೇ ಅಂಟಿನಿಂದ ಕಚ್ಚಿಕೊಂಡಿದ್ದರೆ ನಾನಾದರೆ ಇಕ್ಕುಳ ಹಾಕಿ ತಿರುಚುತ್ತಿದ್ದೆ. ಅವರು ದೀಪದ ಮೇಲಿನ ಬಿಸಿಗಾಳಿಗೆ ಹಿಡಿದು, ತುಟಿಗೆ ತಾಗಿಸಿ ಬಿಸಿ ನೋಡಿ, ಮತ್ತೆ ಹಿಡಿದು, ಹಾಗೇ ಕಾಯುತ್ತಾರೆ. ಪೆನ್ನು ಜಾರಬಾರದು ಅಂತ ಅವರದೇ ಒಂದು ಉಪಾಯ ಇತ್ತು. ಬಾಯಿಯ ಅಚ್ಚು ತೆಗೆಯುವ ಹಸಿರು ಹಿಟ್ಟನ್ನು ಪೆನ್ನಿನ ಹಿಂತುದಿಗೆ ಮೆತ್ತಿಬಿಡುವುದು. ಸ್ವಲ್ಪ ಹೊತ್ತಿಗೆ ಅದು ರಬ್ಬರಿನಂತೆ ಗಟ್ಟಿಯಾಗುತ್ತದೆ. ಅದನ್ನೇ ಹಿಡಿಯಾಗಿ ಮೇಜಿನ ಇಕ್ಕುಳಕ್ಕೆ ಸಿಕ್ಕಿಸಿ ಕೆಲಸ ಮಾಡುವುದು. ಹಲ್ಲು ಕಟ್ಟುವವರಿಗಲ್ಲದೆ ಬೇರೆ ಯಾರಿಗೆ ಹೊಳೆಯುತ್ತೆ ಹೇಳಿ! ಕೆಲಸ ಮುಗಿದ ಮೇಲೆ ಆ ಹಿಡಿಗಳನ್ನು ಎಸೆಯುವುದೂ ಇಲ್ಲ, ಎಲ್ಲ ಒಂದು ಬಿಸ್ಕತ್ತಿನ ಡಬ್ಬಿಗೆ. "ಅಚ್ಚು ಎಸೆಯಬಾರದು" ಅನ್ನುವುದು ಅವರ ಕಾರ್ಯಾಗಾರದ ಅಭ್ಯಾಸ.

ಇನ್ನು ಕಚ್ಚಿದ ಗುರುತು ತೆಗೆಯುವುದರಲ್ಲಂತೂ ಅವರದು ಎತ್ತಿದ ಕೈ. ಅರ್ಧಕ್ಕರ್ಧ ಹಳೇ ಪೆನ್ನುಗಳ ತುದಿ ಯಾರೋ ಜಗಿದದ್ದೇ ಆಗಿರುತ್ತದಂತೆ. ಗಟ್ಟಿ ರಬ್ಬರನ್ನು ಹದವಾಗಿ ಬಿಸಿ ಮಾಡಿದರೆ ತಗ್ಗು ತಾನೇ ಮೇಲೆ ಬರುತ್ತದೆ. "ಅದಕ್ಕೆ ತನ್ನ ಹಳೇ ಆಕಾರ ನೆನಪಿರುತ್ತೆ," ಅನ್ನುತ್ತಿದ್ದರು. ಹೊಳಪು ಕೊಟ್ಟು ಬೆಳಕಿಗೆ ಹಿಡಿದಾಗ ಅವರ ಮುಖದಲ್ಲಿ ಇರುವ ಸಂತೋಷ ನೋಡಿದರೆ ಎಂಥವರಿಗೂ ಖುಷಿಯಾಗಬೇಕು. ನಾನು ಮಾತ್ರ, "ಒಳ್ಳೇದಾಯ್ತು, ಒಂದು ಮುರುಕು ಕಮ್ಮಿ ಆಯ್ತು," ಅಂತ ರೇಗಿಸುತ್ತಿದ್ದೆ. ಅವರು ನಾನು ಗುಂಡುಸೂಜಿಗಳನ್ನು ಬಾಯಲ್ಲಿ ಕಚ್ಚಿಕೊಂಡು ಹೊಲಿಯುವುದನ್ನು ಹಿಡಿದು ಬೈಯುತ್ತಿದ್ದರು. "ಉಗೀರಿ, ಉಗೀರಿ ಮೊದಲು! ಹಲ್ಲಿನ ಗತಿ ಏನಾಗ್ಬೇಕು!" ನಮ್ಮ ನಡುವಿನ ಪ್ರೀತಿ ಹಾಗೇ ನಡೆಯುತ್ತಿತ್ತು.

ಈಗ ಅಪ್ಪನ ಪೆನ್ನಿನ ವಿಷಯ.

ಅಪ್ಪ ಒಂದು ಮುದ್ರಣಾಲಯದಲ್ಲಿ ಅಚ್ಚಿನ ತಪ್ಪು ತಿದ್ದುವ ಕೆಲಸದಲ್ಲಿದ್ದರು. ಅಣ್ಣನಿಗೆ ಮದುವೆಯಾಗುವ ಮುಂಚೆಯೇ ತೀರಿಕೊಂಡರು, ಅಮ್ಮನೂ ಅಷ್ಟೇ. ಹಾಗಾಗಿ ಅತ್ತಿಗೆ ಇಬ್ಬರನ್ನೂ ನೋಡಿಲ್ಲ. ಅಪ್ಪನ ಪೆನ್ನು ಕಪ್ಪು, ಮೇಲೆ ಕೆಂಪು ಅಲೆ ಅಲೆ. ಕಾಗದದಲ್ಲಿ ತಪ್ಪೊಂದು ತಪ್ಪಿಸಿಕೊಂಡು ಹೋಗುತ್ತಿದೆ ಅನ್ನಿಸಿದಾಗ ಅಪ್ಪ ಪೆನ್ನಿನ ಹಿಂತುದಿಯನ್ನು ಬಾಯಿಗಿಟ್ಟು, ಎಡಗಡೆಗೆ ತಳ್ಳಿ, ಕಚ್ಚುತ್ತಿದ್ದರು. ಅಮ್ಮ, "ಊಟ ಹಾಕಿಲ್ವಾ ನಿಮಗೆ?" ಅನ್ನುತ್ತಿದ್ದಳು. ವರ್ಷಗಟ್ಟಲೆ ಕಚ್ಚಿ ಕಚ್ಚಿ ಆ ತುದಿಯಲ್ಲಿ ತಗ್ಗುಗಳಾಗಿದ್ದವು. ಎದುರಿನ ಎರಡು ಹಲ್ಲಿನದು ಚಪ್ಪಟೆ, ಕೋರೆಹಲ್ಲಿನದು ಓರೆಯಾಗಿ ಆಳವಾಗಿ.

ಪೆನ್ನು ಬರೆಯುವುದನ್ನು ನಿಲ್ಲಿಸಿ ಎಷ್ಟೋ ಕಾಲವಾಗಿತ್ತು. ಅದು ನನ್ನ ಗುಂಡಿಯ ಡಬ್ಬಿಯಲ್ಲಿರುತ್ತಿತ್ತು. ಬಟ್ಟೆ ಸಾಲದೇ ಬಂದಾಗ, ತೋಳು ಕೂಡದೇ ಹೋದಾಗ, ನಾನು ಡಬ್ಬಿಗೆ ಕೈ ಹಾಕಿ ಆ ತಗ್ಗುಗಳ ಮೇಲೆ ಹೆಬ್ಬೆರಳು ಆಡಿಸುತ್ತ ಕೂರುತ್ತಿದ್ದೆ. ಅಪ್ಪನ ಫೋಟೋ ನೋಡಿದರೆ ನನಗೆ ಅಪ್ಪ ಕಾಣುವುದಿಲ್ಲ. ಯಾರೋ ಕೋಟು ಹಾಕಿಕೊಂಡು ಗಾಬರಿಯಾದವರು ಕಾಣುತ್ತಾರೆ. ಆ ತಗ್ಗಿನಲ್ಲಿ ಮಾತ್ರ ಅಪ್ಪ ಇದ್ದರು. ಇದನ್ನು ಯಾರಿಗೂ ಹೇಳಿರಲಿಲ್ಲ, ಅಣ್ಣನಿಗೂ. ಇಂಥದ್ದನ್ನೆಲ್ಲ ಹೇಳಿಕೊಂಡು ತಿರುಗುತ್ತಾರಾ ಯಾರಾದರೂ?

ನನ್ನ ಕೋಣೆಯ ಹೊರಗೆ ಅಂಗಡಿ ಅಂತ ಬೋರ್ಡು ಹಾಕಿದ ದಿನ ಅತ್ತಿಗೆ ಕೆಲಸಕ್ಕೆ ರಜೆ ಹಾಕಿದ್ದರು. ಬೋರ್ಡು ಸೊಟ್ಟಗಿದೆ ಅಂತ ನಾನು ಅಣ್ಣನ ಮೇಲೆ ಹರಿಹಾಯುತ್ತಿದ್ದೆ. ಒಬ್ಬ ಗಿರಾಕಿ ಹೆಂಗಸು ಕೋಟಿನ ಅಳತೆ ಕೊಡಲು ಬಂದು ಕೂತಿದ್ದರು. ಅತ್ತಿಗೆ ಒಳಗಿಂದ ಬಂದು ನನ್ನ ಕೈಯಲ್ಲಿ ಒಂದು ಉದ್ದನೆಯ ಡಬ್ಬಿ ಇಟ್ಟರು. ತೆಗೆದೆ. ಅಪ್ಪನ ಪೆನ್ನು! ನನ್ನ ಗುಂಡಿಯ ಡಬ್ಬಿಯಿಂದ ಯಾವಾಗ ಎತ್ತಿಕೊಂಡಿದ್ದರೋ. ಕಪ್ಪು ಕಪ್ಪಾಗಿ, ಕೆಂಪು ಕೆಂಪಾಗಿ, ಅಂಗಡಿಯಿಂದ ಈಗತಾನೇ ತಂದ ಹಾಗೆ.

"ಬರೆದು ನೋಡಿ," ಅಂದರು. ಅವರ ಕಣ್ಣು ಹೊಳೆಯುತ್ತಿತ್ತು.

ನಾನು ಬರೆಯಲಿಲ್ಲ. ತಿರುಗಿಸಿ ತುದಿ ಮುಟ್ಟಿದೆ. ನುಣ್ಣಗೆ. ಹೆಬ್ಬೆರಳು ಜಾರಿ ಕೆಳಗೆ ಬಂತು.

"ಹಲ್ಲೆಲ್ಲಿ?"

"ಯಾವ ಹಲ್ಲು? ಓ, ಕಚ್ಚಿದ ಗುರುತಾ? ತುಂಬಾ ಆಳ ಇತ್ತು. ನಿಧಾನಕ್ಕೆ ಬಿಸಿ ಕೊಟ್ಟೆ, ಎಷ್ಟು ಚೆನ್ನಾಗಿ ಮೇಲೆ ಬಂತು ನೋಡಿ!"

ಅಷ್ಟೇ. ಮುಂದೆ ನನ್ನ ಬಾಯಿ ನನ್ನ ಕೈಯಲ್ಲಿರಲಿಲ್ಲ.

"ಯಾರು ಹೇಳಿದ್ರು ನಿನಗೆ ಅದನ್ನ ತೆಗೀ ಅಂತ? ಯಾರು ಕೇಳಿದ್ರು? ಅದು ನಮ್ಮಪ್ಪನ ಹಲ್ಲು! ನಮ್ಮಪ್ಪಂದು ಅಂತ ಉಳಿದಿದ್ದೇ ಅದೊಂದು. ಅದನ್ನೂ ಉಜ್ಜಿ ಹಾಕಿಬಿಟ್ಯಲ್ಲ!"

ನೀವು ಹೋಗಿ ನೀನು ಬಂದದ್ದು ನನಗೇ ತಿಳಿಯಲಿಲ್ಲ. ಗಿರಾಕಿ ಹೆಂಗಸು ಮೆಲ್ಲಗೆ ಎದ್ದು ಹೊರಗೆ ಹೋದರು. ಅಣ್ಣ ಏಣಿಯ ಮೇಲೇ ನಿಂತುಬಿಟ್ಟ. ಅತ್ತಿಗೆಯ ಮುಖ ಬಿಳಿಚಿಕೊಂಡಿತು. "ಹಸಿರು ಅಚ್ಚು ಇದೆ," ಅಂದರು. "ಬಿಸಿ ಮಾಡೋಕೆ ಮುಂಚೆ ಹಿಡಿ ಮಾಡಿದ್ದೆ. ಅದರಲ್ಲಿ ಗುರುತೆಲ್ಲ ಹಾಗೇ ಬಂದಿದೆ. ಬೇಕಾದ್ರೆ ಅದನ್ನ ನೋಡ್ಕೊಂಡು ತಿರುಗಾ ಒತ್ತಿಕೊಡ್ತೀನಿ, ಮೊದಲಿನ ಹಾಗೇ..."

"ನಮ್ಮಪ್ಪನಿಗೆ ಕಟ್ಟುಹಲ್ಲು ಹಾಕೋಕೆ ಬರ್ತೀಯಾ? ಸಾಯೋವರೆಗೂ ಅವರ ಬಾಯಲ್ಲಿ ಒಂದೂ ಸುಳ್ಳು ಹಲ್ಲಿರಲಿಲ್ಲ! ನಿನ್ನ ಗಿರಾಕಿ ಅಂದ್ಕೊಂಡ್ಯಾ ಅವರನ್ನ?"

ಅತ್ತಿಗೆ ಒಳಗೆ ಹೋದರು. ಸಂಜೆ ನೋಡಿದರೆ ಕಿಟಕಿಯ ಪಕ್ಕದ ಮೇಜಿನ ಮೇಲೆ ಹಳೇ ಚಾದರ ಹೊದಿಸಿತ್ತು.

ನಾನು ಒಂದೆರಡು ದಿನದ ಸಿಟ್ಟು ಅಂದುಕೊಂಡೆ, ಅವರದೂ ನನ್ನದೂ. ಆ ಚಾದರ ತೆಗೆಯಲೇ ಇಲ್ಲ. ರಜೆಯ ದಿನ ಅವರು ಸಂತೆಗೆ ಹೋಗಲಿಲ್ಲ. ಪೆನ್ನು ರಿಪೇರಿಗೆ ಅಂತ ಯಾರಾದರೂ ಬಾಗಿಲಿಗೆ ಬಂದರೆ, "ಈಗ ಮಾಡ್ತಾ ಇಲ್ಲ," ಅಂತ ಅಷ್ಟೇ ಹೇಳಿ ಕಳಿಸುತ್ತಿದ್ದರು. ಒಬ್ಬ ನಿವೃತ್ತ ಮೇಷ್ಟ್ರು ತಮ್ಮ ಹೆಂಡತಿಯ ಪೆನ್ನು ಹಿಡಿದುಕೊಂಡು ಎರಡು ಸಲ ಬಂದು ಹೋದರು. ಎರಡನೇ ಸಲ ನಾನೇ ಬಾಗಿಲು ತೆಗೆದದ್ದು. "ಅವರ ಕೈ ಹುಷಾರಿಲ್ವಾ?" ಅಂತ ಕೇಳಿದರು. ಏನು ಹೇಳಲಿ ನಾನು? "ಕೈ ಚೆನ್ನಾಗಿದೆ," ಅಂದೆ.

ಮಾತು ಪೂರ್ತಿ ಬಿಟ್ಟಿದ್ದೆವು ಅಂತಲ್ಲ. ಗ್ಯಾಸ್ ಮುಗಿಯಿತು, ನೀರು ಬಂತು, ಬಾಗಿಲು ಹಾಕಿ, ಇಷ್ಟು ನಡೆಯುತ್ತಿತ್ತು. ಅಣ್ಣ ಅಡುಗೆಮನೆಯ ಸ್ಟೂಲಿನ ಮೇಲೆ ಅಡಕತ್ತರಿಗೆ ಸಿಕ್ಕವನಂತೆ ಕೂತಿರುತ್ತಿದ್ದ. ಒಂದು ದಿನ ತಡೆಯಲಾರದೆ ನನ್ನ ಹತ್ತಿರ ಬಂದ.

"ಅವಳು ಬೇಕೂಂತ ಮಾಡಿದ್ದಲ್ಲ ಕಣೇ."

"ನನಗೂ ಗೊತ್ತು."

"ಗೊತ್ತಿದ್ರೆ ಹೋಗಿ ಹೇಳು."

"ಹೇಳಿದ್ರೆ ಹಲ್ಲು ವಾಪಸ್ ಬರುತ್ತಾ?"

ಅಣ್ಣ ಮೀಟರ್ ಓದಲು ಹೋದ. ಅತ್ತಿಗೆ ಹಾಗೆ ಕೈಕಟ್ಟಿ ಕೂತದ್ದು ನೋಡಿದರೆ ಹೋಗಿ ಮಾತಾಡಿಸೋಣ ಅನ್ನಿಸುತ್ತಿತ್ತು; ಪೆನ್ನಿನ ನುಣುಪು ತುದಿ ಮುಟ್ಟಿದರೆ ಮತ್ತೆ ಉರಿ.

ಆ ಪೆನ್ನನ್ನು ಗುಂಡಿಯ ಡಬ್ಬಿಗೆ ಬಿಸಾಕಿದ್ದೆ. ಕೆಲವು ವಾರ ಕಳೆದ ಮೇಲೆ, ಗಿರಾಕಿಯ ಅಳತೆ ಬರೆಯುತ್ತಿದ್ದಾಗ ನನ್ನ ಬಾಲ್ ಪೆನ್ನು ಕೈಕೊಟ್ಟಿತು. ಊದಿದೆ, ಉಜ್ಜಿದೆ, ಬೈದೆ; ಬರೆಯಲಿಲ್ಲ. ಗಿರಾಕಿ ಕೈ ಎತ್ತಿ ನಿಂತಿದ್ದಾರೆ, ಟೇಪು ಅವರ ಎದೆಯ ಸುತ್ತ ಇದೆ. ಬೇರೆ ದಾರಿಯಿಲ್ಲದೆ ಅಪ್ಪನ ಪೆನ್ನು ತೆಗೆದು ಒಮ್ಮೆ ಕೊಡವಿದೆ. ಬರೆಯಿತು ಕಣ್ರೀ! ಬೆಣ್ಣೆಯಲ್ಲಿ ಚಾಕು ಆಡಿಸಿದ ಹಾಗೆ. ಅತ್ತಿಗೆಯ ಮೇಲಿದ್ದ ಸಿಟ್ಟಿನ ಜೊತೆಗೆ ಇನ್ನಷ್ಟು ಸಿಟ್ಟು ಬಂತು, ಇಷ್ಟು ಚೆನ್ನಾಗಿ ಮಾಡಿದ್ದಾರಲ್ಲ ಅಂತ.

ಆಮೇಲೆ ಬೇರೆ ಪೆನ್ನು ಕೈಗೆ ಹಿಡಿಸಲೇ ಇಲ್ಲ. ಶಾಯಿ ಮುಗಿದರೆ ಅತ್ತಿಗೆ ಕೆಲಸಕ್ಕೆ ಹೋದ ಹೊತ್ತು ನೋಡಿ, ಚಾದರದ ಅಂಚೆತ್ತಿ, ಅವರ ಬಾಟಲಿಯಿಂದ ತುಂಬಿಸಿಕೊಳ್ಳುತ್ತಿದ್ದೆ. ನಮ್ಮ ಮನೆಯಲ್ಲೇ ನಾನು ಕಳ್ಳಿ! ಮೊದಮೊದಲು ನೀಲಿ ಬಾಟಲಿ ಹಿಂದಿನ ಸಾಲಿನಲ್ಲಿ ಇರುತ್ತಿತ್ತು. ಯಾವಾಗಲೋ ಅದು ಮುಂದಿನ ಸಾಲಿಗೆ ಬಂದಿತ್ತು. ಇನ್ನೊಂದು ಸಲ ನೋಡಿದರೆ ತಳ ಕಂಡಿದ್ದ ಬಾಟಲಿ ಕಂಠದವರೆಗೆ ತುಂಬಿತ್ತು. ಅತ್ತಿಗೆಗೆ ತಿಳಿದಿದೆ ಅಂತ ನನಗೆ ತಿಳಿಯಿತು.

ಹಾಗೇ ತಿಂಗಳುಗಳು ಹೋದವು. ಶಾಲೆಯೊಂದರ ಸಮವಸ್ತ್ರದ ಕೆಲಸ ಬಂತು. ಬಟ್ಟೆ ಕೊಟ್ಟದ್ದು ಕಮ್ಮಿ, ಮಕ್ಕಳು ಜಾಸ್ತಿ. ಹೇಗೆ ತಿರುಗಿಸಿ ಇಟ್ಟರೂ ತೋಳಿಗೆ ಬಟ್ಟೆ ಸಾಲದು. ದಿನವಿಡೀ ಹಲಗೆಯ ಮುಂದೆ ಕೂತು ಲೆಕ್ಕ ಹಾಕುವುದು, ಹೊಡೆದು ಹಾಕುವುದು, ಮತ್ತೆ ಹಾಕುವುದು. ಕೊನೆಗೊಂದು ಮಧ್ಯಾಹ್ನ ಲೆಕ್ಕ ಕೂಡಿ ಬಂತು. ಖುಷಿಯಲ್ಲಿ ಎದ್ದು ಬಟ್ಟೆ ಎಳೆದೆ. ಪೆನ್ನು ಹಲಗೆಯಿಂದ ಉರುಳಿ, ನಿಬ್ಬು ಕೆಳಗಾಗಿ ನೆಲಕ್ಕೆ ಬಿತ್ತು. ಎತ್ತಿ ನೋಡಿದರೆ ನಿಬ್ಬಿನ ಮೂಗು ಸೊಟ್ಟಗೆ ಮೇಲೆದ್ದಿತ್ತು.

ಕೂತಲ್ಲೇ ಅಳು ಬಂತು. ಸುಳ್ಳು ಯಾಕೆ ಹೇಳಲಿ, ಗೊಳೋ ಅಂತ ಅತ್ತೆ. ಅತ್ತಿಗೆ ಸಂಜೆ ಚಪ್ಪಲಿ ಬಿಟ್ಟು ಒಳಗೆ ಬರುವಷ್ಟರಲ್ಲಿ ಬಾಗಿಲಲ್ಲೇ ನಿಂತಿದ್ದೆ. ಪೆನ್ನು ಮುಂದೆ ಚಾಚಿದೆ.

"ಬೀಳಿಸಿಬಿಟ್ಟೆ," ಅಂದೆ. "ಸರಿ ಮಾಡಿಕೊಡ್ತೀರಾ, ಅತ್ತಿಗೆ?"

ಅವರು ಕೈಚೀಲ ಅಲ್ಲೇ ಇಟ್ಟು ಪೆನ್ನು ತೆಗೆದುಕೊಂಡರು. ಕಿಟಕಿಯ ಹತ್ತಿರ ಹೋಗಿ, ಚಾದರ ಎಳೆದು ಕುರ್ಚಿಯ ಮೇಲೆ ಹಾಕಿದರು. ಭೂತಗನ್ನಡಿ ಕಣ್ಣಿಗೆ ಏರಿಸಿ ನಿಬ್ಬು ನೋಡಿದರು. "ಬಗ್ಗಿದೆ, ಮುರಿದಿಲ್ಲ," ಅಂದರು. ನನಗೆ ಜೀವ ಬಂತು. ಅಣ್ಣ ಅಡುಗೆಮನೆಯ ಸ್ಟೂಲಿನಿಂದ ಎದ್ದು ಬಾಗಿಲ ಸಂದಿಯಲ್ಲಿ ನಿಂತ.

ಹಿಡಿಯಲು ಸರಿಯಾಗಲಿ ಅಂತ ಅತ್ತಿಗೆ ಪೆನ್ನನ್ನು ತಿರುಗಿಸಿದರು. ತಿರುಗಿಸಿದವರು ಹಾಗೇ ನಿಂತರು. ಹಿಂತುದಿಯನ್ನು ಬೆಳಕಿಗೆ ಹಿಡಿದರು. ಉಗುರಿನಿಂದ ಮೆಲ್ಲಗೆ ತಡವಿದರು. ಆಮೇಲೆ ನನ್ನ ಕಡೆ ತಿರುಗಿ, ಮೊದಲ ದಿನ ನೋಡಿದ ಹಾಗೇ, ಕತ್ತು ಓರೆ ಮಾಡಿ ನನ್ನ ಬಾಯಿ ನೋಡಿದರು.

"ಬಾಯಿ ತೆಗೀರಿ."

"ಯಾಕೆ?"

"ತೆಗೀರಿ ಅಂದೆ!"

ತೆಗೆದೆ. ನೋಡಿದರು. ಮೇಜಿನ ಕೆಳಗಿಂದ ಬಿಸ್ಕತ್ತಿನ ಡಬ್ಬಿ ಎಳೆದು, ಹಸಿರು ಹಿಡಿಗಳ ರಾಶಿಯಲ್ಲಿ ಬೆರಳಾಡಿಸಿ ಒಂದನ್ನು ತೆಗೆದರು. ಅದರ ಒಳಗೋಡೆಯಲ್ಲಿ ಸಣ್ಣ ಸಣ್ಣ ಉಬ್ಬುಗಳಿದ್ದವು. ಅಪ್ಪನ ತಗ್ಗುಗಳಿಗೆ ಮೆತ್ತಿದ ಹಿಟ್ಟಲ್ಲವೇ, ತಗ್ಗಿದ್ದಲ್ಲೆಲ್ಲ ಉಬ್ಬಾಗಿ ಬಂದಿತ್ತು.

ಪೆನ್ನಿನ ತುದಿಯನ್ನು ಅದರೊಳಗೆ ಇಳಿಸಿ ನಿಧಾನಕ್ಕೆ ತಿರುಗಿಸಿದರು. ಒಂದು ಕಡೆ ಬಂದಾಗ ಪೆನ್ನು ತಾನೇ ಒಳಗೆ ಕೂತುಕೊಂಡಿತು. ಅತ್ತಿಗೆ ಕೈ ಬಿಟ್ಟರು. ಅದು ಅಲ್ಲಾಡಲಿಲ್ಲ.

"ನೀವೇ ನೋಡಿ," ಅಂತ ನನ್ನ ಕೈಗೆ ಕೊಟ್ಟರು. "ಎದುರು ಹಲ್ಲಿನದು ಅಷ್ಟು ಕೂಡಿಲ್ಲ. ನಿಮ್ಮದು ಸ್ವಲ್ಪ ಸಣ್ಣ, ಇನ್ನೂ ಆಳಾನೂ ಆಗಿಲ್ಲ. ಕೋರೆಹಲ್ಲು ಮಾತ್ರ ಅದೇ ಜಾಗ, ಅದೇ ಓರೆ. ಇಂಥದ್ದು ನಾನು ಒತ್ತಿ ಕೊಟ್ಟಿದ್ರೂ ಇಷ್ಟು ಸರಿಯಾಗಿ ಬರ್ತಿರಲಿಲ್ಲ."

ನಾನು ಪೆನ್ನನ್ನು ಎಳೆದು ತೆಗೆದು ತುದಿಯ ಮೇಲೆ ಹೆಬ್ಬೆರಳು ಆಡಿಸಿದೆ. ಇತ್ತು! ಓರೆಯಾಗಿ, ಎಡಗಡೆಗೆ. ದಿನಾ ಲೆಕ್ಕ ಹಾಕುವಾಗ ಬಾಯಿಗಿಟ್ಟುಕೊಂಡು ಎಡಕ್ಕೆ ತಳ್ಳಿ ಕಚ್ಚಿದ್ದೇನೆ, ನನಗೇ ಗೊತ್ತಿಲ್ಲದೆ. ಅಪ್ಪನೇ ಬಂದು ಹಲಗೆಯ ಮುಂದೆ ಕೂತು ಹೋದಂತಾಯಿತು. ಅತ್ತಿಗೆಯ ಹೆಗಲಿಗೆ ಹಣೆ ಕೊಟ್ಟು ನಿಂತೆ. ಅವರ ಬಟ್ಟೆಯಲ್ಲಿ ಮೇಣದ ವಾಸನೆ ಇತ್ತು.

"ಅತ್ತಿಗೆ, ನಾನು ಅವತ್ತು ಆಡಿದ್ದು..."

"ನಾನು ಕೇಳಬೇಕಿತ್ತು," ಅಂದರು ಅವರು. "ಮುಟ್ಟೋಕೆ ಮುಂಚೆ ಕೇಳಬೇಕಿತ್ತು."

ಬಾಗಿಲ ಸಂದಿಯಿಂದ ಅಣ್ಣ, "ಹಂಗಾದ್ರೆ ನಾನು ಇನ್ಮೇಲೆ ಇಲ್ಲಿ ಕುರ್ಚಿ ಮೇಲೆ ಕೂರಬಹುದಾ?" ಅಂದ. ಕುರ್ಚಿಯ ಮೇಲೆ ಚಾದರ ಇತ್ತು. ಅತ್ತಿಗೆ ಅದನ್ನೆತ್ತಿ ಅವನ ಮೇಲೆ ಎಸೆದರು.

ನಿಬ್ಬು ಸರಿಹೋಯಿತು. ಅದಾದ ಮೊದಲ ರಜೆಗೇ ಅತ್ತಿಗೆ ಸಂತೆಗೆ ಹೋದರು, ಗುಜರಿಯವನು ಬೀದಿಗೆಲ್ಲ ಕೇಳುವ ಹಾಗೆ ಕೂಗಿ ಡಬ್ಬಿ ತೆಗೆದ. ಮೇಷ್ಟ್ರನ್ನು ನಾನೇ ಹುಡುಕಿಕೊಂಡು ಹೋಗಿ ಕರೆತಂದೆ. ಅವರು ಹೆಂಡತಿಯ ಪೆನ್ನನ್ನು ಮೇಜಿನ ಮೇಲಿಟ್ಟಾಗ ಅತ್ತಿಗೆ ಭೂತಗನ್ನಡಿಗೆ ಕೈ ಹಾಕಲಿಲ್ಲ. "ಇದರಲ್ಲಿ ನಾನು ಏನನ್ನ ಮುಟ್ಟಬಾರದು, ಅದನ್ನ ಮೊದಲು ಹೇಳಿ," ಅಂದರು. ಮೇಷ್ಟ್ರು ಪೆನ್ನನ್ನು ತಿರುಗಿಸಿ ನೋಡಿ, ಕ್ಯಾಪಿನ ಮೇಲಿದ್ದ ಒಂದು ಗೀರನ್ನು ತೋರಿಸಿದರು. ಆ ಗೀರಿನ ಕಥೆ ಹೇಳುತ್ತ ಕೂತವರು ಕತ್ತಲಾದ ಮೇಲೆಯೇ ಎದ್ದದ್ದು. ಈಗ ಯಾರು ಬಂದರೂ ಅತ್ತಿಗೆ ಮೊದಲು ಕೇಳುವುದು ಅದೇ ಪ್ರಶ್ನೆ.

ನನ್ನ ಹಲ್ಲು ಸರಿ ಮಾಡಿಸುವ ಮಾತನ್ನು ಅವರು ಮತ್ತೆ ಎತ್ತಿಲ್ಲ. ಗುಂಡುಸೂಜಿ ಬಾಯಲ್ಲಿ ಕಂಡರೆ ಈಗಲೂ ಹಿಂದಿನ ಕಿಟಕಿಯಿಂದಲೇ ಕೂಗಿ ಬೈಯುತ್ತಾರೆ. ಪೆನ್ನು ಕಚ್ಚಿಕೊಂಡು ಕೂತಿದ್ದರೆ ಮಾತ್ರ ನೋಡಿಯೂ ನೋಡದವರಂತೆ ದೀಪದ ಕಡೆ ತಿರುಗಿಕೊಳ್ಳುತ್ತಾರೆ.